ಪರದೇಶಿ ಬಸುರಿಯರು

ನಮ್ಮ ಕಡೆ 'ಪರದೇಶಿ' ಎಂಬ ಮಾತಿಗೆ ಎರಡು ಅರ್ಥಗಳಿವೆ. ಬೇರೆ ದೇಶದವರು ಎಂಬುದು ಒಂದು. ಹಿಂದೆ ಮುಂದೆ ಯಾರೂ ಇಲ್ಲದವರು ಎಂಬುದು ಇನ್ನೊಂದು. ಬಸುರಿ ಹೆಂಗಸಿನ ಪಾಲಿಗೆ ಈ ಎರಡೂ ಒಂದೇ ಎಂಬುದನ್ನು ನನಗೆ ಕಲಿಸಿದವರು ಇಬ್ಬರು. ಒಬ್ಬಳು ಇಂಗ್ಲೆಂಡಿನಲ್ಲಿರುವ ನನ್ನ ತಂಗಿಯ ಮಗಳು. ಇನ್ನೊಬ್ಬಳು ಬೀಡ ಜಿಲ್ಲೆಯಿಂದ ಕಬ್ಬು ಕಡಿಯಲು ಬಂದಿದ್ದ ಹೆಣ್ಣುಮಗಳು.

ತಂಗಿಯ ಮಗಳಿಗೆ ದಿನ ತುಂಬುತ್ತಿದ್ದಾಗ ಅವಳ ಮೊಬೈಲಿನಲ್ಲಿ ಒಂದು ಆ್ಯಪ್ ಇತ್ತು. ನಿದ್ದೆ ಹೇಗೆ, ಮನಸ್ಸು ಹೇಗೆ, ಸುಮ್ಮಸುಮ್ಮನೆ ಅಳು ಬರುತ್ತದೆಯೇ ಎಂದೆಲ್ಲ ಅದು ವಾರಕ್ಕೊಮ್ಮೆ ವಿಚಾರಿಸುತ್ತಿತ್ತಂತೆ. "ದೊಡ್ಡವ್ವಾ, ಎಲ್ಲಾ ಕೇಳತೈತಿ. ಏನ ತಿನ್ನಬೇಕ ಅನಸ್ತೈತಿ ಅಂತ ಮಾತ್ರ ಒಂದ ದಿನಾನೂ ಕೇಳಲಿಲ್ಲ ನೋಡು" ಎಂದು ನಕ್ಕಳು. ನಕ್ಕ ಮೇಲೆ ಸ್ವಲ್ಪ ಹೊತ್ತು ಮಾತಾಡಲಿಲ್ಲ. ನಮ್ಮಲ್ಲಿ ಬಸುರಿಯನ್ನು ಮೊದಲು ಕೇಳುವುದೇ ಬಯಕೆ ಏನೆಂದು. ಆಯುರ್ವೇದದ ಹಿರಿಯರು ಅವಳನ್ನು ಎರಡು ಹೃದಯದವಳು ಎಂದು ಕರೆದು, ಅವಳ ಆಸೆಯನ್ನು ನಡೆಸಿಕೊಡಬೇಕೆಂದು ಹೇಳಿದ್ದಾರೆ. ಕುಬಸದ ದಿನ ಹಸಿರು ಸೀರೆ ಉಡಿಸಿ, ಹಸಿರು ಬಳೆ ತೊಡಿಸಿ, ಓಣಿಯ ಹೆಂಗಸರೆಲ್ಲ ಸುತ್ತ ಕೂತು ಚೇಷ್ಟೆ ಮಾಡುವುದು ಬರಿಯ ಶಾಸ್ತ್ರವೆಂದು ನಾನೂ ಎಷ್ಟೋ ವರ್ಷ ತಿಳಿದಿದ್ದೆ. ಅದು 'ನಿನ್ನ ಹಿಂದೆ ನಾವಿದ್ದೇವೆ' ಎಂದು ಹೇಳುವ ಒಂದು ರೀತಿ. ಅದಿಲ್ಲದ ಊರಿನಲ್ಲಿ ಹುಡುಗಿ ಒಬ್ಬಳೇ ಕೂತು ಮೊಬೈಲಿಗೆ ಉತ್ತರ ಕೊಡುತ್ತಿದ್ದಳು.

ಬಸುರಿಯರಿಗೂ ಬಾಣಂತಿಯರಿಗೂ ಕೇಳುವ ಇಂಥ ಪ್ರಶ್ನೆಗಳಲ್ಲಿ ಬಹಳ ಹೆಸರುವಾಸಿಯಾದದ್ದು 1987ರಲ್ಲಿ ಸ್ಕಾಟ್ಲೆಂಡಿನಲ್ಲಿ ಹುಟ್ಟಿದ ಎಡಿನ್‌ಬರೋ ಮಾಪಕ. ಒಟ್ಟು ಪ್ರಶ್ನೆ 10, ಕೇಳುವುದು ಕಳೆದ ಏಳು ದಿನಗಳ ಮನಸ್ಥಿತಿ, ಕೊನೆಯ ಪ್ರಶ್ನೆ ಜೀವಕ್ಕೆ ಅಪಾಯ ಮಾಡಿಕೊಳ್ಳುವ ವಿಚಾರದ್ದು. ಅದು ಹತ್ತಾರು ಭಾಷೆಗಳಿಗೆ ಹೋಗಿದೆ, ಕನ್ನಡಕ್ಕೂ ಬಂದಿದೆ. ಆದರೆ ಇಂಗ್ಲಿಷಿನ ನುಡಿಗಟ್ಟನ್ನು ಶಬ್ದಕ್ಕೆ ಶಬ್ದ ಇಟ್ಟು ತಂದರೆ 'ಎಲ್ಲವೂ ನನ್ನ ಮೇಲೇರಿ ಬರುತ್ತಿವೆ' ಎಂದಾಗುತ್ತದೆ. ಬನಹಟ್ಟಿಯ ಮಗ್ಗದ ಮನೆಯಲ್ಲಿ ಕಂಡಿಕೆ ಸುತ್ತುತ್ತ ಕೂತ ಬಸುರಿ ಸೊಸೆಗೆ ಹೀಗೆಂದರೆ ಅವಳು ಛಾವಣಿ ನೋಡಿಯಾಳು. 'ಖಿನ್ನತೆ' ಎಂಬುದು ನಮ್ಮಂಥ ಮಾಸ್ತರಣಿಯರ ಪುಸ್ತಕದ ಮಾತು. ಅವಳು ಹೇಳುವುದು 'ಎದಿ ಭಾರ ಆಗೈತ್ರಿ', 'ಜೀವಕ್ಕ ಬ್ಯಾಸರ ಬಂದೈತಿ', 'ತೆಲಿ ಕಾದಂಗ ಆಗತೈತಿ' ಎಂದು. ಕೇಳುವವರಿಗೆ ಈ ಮಾತುಗಳ ತೂಕ ಗೊತ್ತಿಲ್ಲದಿದ್ದರೆ ಅವಳಿಗೆ ಸಿಗುವುದು ತಲೆನೋವಿನ ಗುಳಿಗೆ.

ಇನ್ನು ಕಬ್ಬಿನ ವಿಷಯ. ದೀಪಾವಳಿಯ ಹೊತ್ತಿಗೆ ಜಮಖಂಡಿ, ಮುಧೋಳದ ಸೀಮೆಗೆ ಗ್ಯಾಂಗುಗಳು ಬಂದಿಳಿಯುತ್ತವೆ. ಮರಾಠವಾಡದವರು ಎಷ್ಟೋ ಜನ, ನಮ್ಮದೇ ತಾಂಡಾಗಳ ಲಂಬಾಣಿಗಳೂ ಉಂಟು. ಗಂಡಹೆಂಡಿರ ಜೋಡಿಗೆ ಒಂದು 'ಕೊಯತಾ' ಎಂದು ಲೆಕ್ಕ. ಮುಕಾದಮನಿಂದ ಮುಂಗಡ ಮೊದಲೇ ತಿಂದಾಗಿರುತ್ತದೆ, ಹೀಗಾಗಿ ಹೆಂಡತಿ ಒಂದು ದಿನ ಕೂತರೆ ಸಾಲದ ಮೇಲೆ ದಂಡ. ಬೀಡ ಜಿಲ್ಲೆಯಲ್ಲಿ ವಿಚಾರಿಸಿದ ಸುಮಾರು 82 ಸಾವಿರ ಕಬ್ಬಿನ ಕೂಲಿ ಹೆಂಗಸರಲ್ಲಿ 13 ಸಾವಿರಕ್ಕೂ ಹೆಚ್ಚು ಮಂದಿ ಗರ್ಭಕೋಶವನ್ನೇ ತೆಗೆಸಿಕೊಂಡಿದ್ದರೆಂದು ಮಹಾರಾಷ್ಟ್ರದ ಸಮಿತಿಯೊಂದು 2019ರಲ್ಲಿ ಕಂಡುಕೊಂಡಿತು. ಮುಟ್ಟಿಗೇ ಬಿಡುವಿಲ್ಲದ ಕೆಲಸದಲ್ಲಿ ಬಸುರಿಗೆ ಎಲ್ಲಿಯ ಬಿಡುವು?

2023ರ ಹಂಗಾಮಿನಲ್ಲಿ ನಮ್ಮ ಶಾಲೆಗೆ ಆ ಗ್ಯಾಂಗಿನ ಒಂದು ಹುಡುಗಿ ಬರುತ್ತಿದ್ದಳು. ಒಂಬತ್ತು ವರ್ಷ. ತಿಂಗಳೊಳಗೆ ಕನ್ನಡ ಕಲಿತು ಗುಡಾರಗಳಿಗೆಲ್ಲ ದುಭಾಷಿಯಾಗಿಬಿಟ್ಟಳು. ಅಂಗಡಿಯವನಿಗೂ ಅವಳೇ, ಆಶಾ ಕಾರ್ಯಕರ್ತೆಗೂ ಅವಳೇ. ಅವಳ ತಾಯಿಗೆ ಆರು ತಿಂಗಳು. ತಾಯಿ ಊಟ ಬಿಟ್ಟು ಸುಮ್ಮನೆ ಕೂಡುತ್ತಾಳೆ ಎಂದು ಆಶಾ ಒಂದು ಸಂಜೆ ನನ್ನನ್ನೂ ಕರೆದುಕೊಂಡು ಹೋದಳು. ಒಳ್ಳೆಯ ಮನಸ್ಸಿನ ಹೆಣ್ಣು. ತೂಕ ಕೇಳಿದಳು, ಗುಳಿಗೆ ಕೇಳಿದಳು, ಹುಡುಗಿ ಎರಡೂ ಕಡೆ ಚಟಪಟ ಹೇಳಿದಳು. ಕೊನೆಗೆ ಆಶಾ ದನಿ ತಗ್ಗಿಸಿ, "ಜೀವಕ್ಕ ಏನರ ಮಾಡ್ಕೋಬೇಕ ಅಂತ ಅನಸ್ತೈತೇನು, ಕೇಳವ್ವ" ಎಂದಳು.

ಹುಡುಗಿ ತಾಯಿಯ ಮುಖ ನೋಡಿದಳು. ಏನನ್ನೂ ಕೇಳಲಿಲ್ಲ. ನಮ್ಮ ಕಡೆ ತಿರುಗಿ, "ಅವ್ವ ಆರಾಮ ಅದಾಳ್ರಿ" ಅಂದಳು.

ಜಮಖಂಡಿ ಪಟವರ್ಧನರ ಸಂಸ್ಥಾನವಾಗಿದ್ದ ಊರು. ಅಜ್ಜಿಯ ಕಾಲದ ಮರಾಠಿ ನಮ್ಮ ಮನೆಯಲ್ಲಿ ಅರ್ಧಮರ್ಧ ಉಳಿದಿದೆ. ಹುಡುಗಿಯನ್ನು ನೀರು ತರಲು ಕಳಿಸಿ, ನನ್ನ ಹರಕು ಮರಾಠಿಯಲ್ಲಿ ಅದೂ ಇದೂ ಮಾತು ತೆಗೆದೆ. ಬಯಕೆಗೆ ಮರಾಠಿಯಲ್ಲಿ 'ಡೋಹಾಳೆ' ಎನ್ನುತ್ತಾರೆ. ನಿನಗೇನು ಡೋಹಾಳೆ ಎಂದು ಕೇಳಿದ್ದೇ ತಡ, ಅವಳ ಕಣ್ಣು ತುಂಬಿತು. 'ಮನ ಲಾಗತ ನಾಹೀ' ಎಂದಳು, ಮನಸ್ಸು ನಿಲ್ಲುತ್ತಿಲ್ಲ ಎಂದು. ಹಿಂದಿನ ಹಂಗಾಮಿನಲ್ಲಿ ದಾರಿಯಲ್ಲೇ ಹೆರಿಗೆಯಾಗಿ ಕೂಸು ಹೋಗಿತ್ತಂತೆ. ಮೂರನೆಯ ದಿನಕ್ಕೆ ಹೊಲಕ್ಕೆ ಇಳಿದಿದ್ದಳು. ಈ ಸಲವೂ ಹಾಗೇ ಆಗುತ್ತದೆಂದು ರಾತ್ರಿ ಕಣ್ಣು ಮುಚ್ಚುವುದಿಲ್ಲ. ಮಗಳ ಮುಂದೆ ಇದನ್ನು ಯಾವ ತಾಯಿ ಹೇಳಿಯಾಳು? ಆ ಮಗಳಾದರೂ ಯಾವ ಬಾಯಿಂದ ಕೇಳಿಯಾಳು?

ಮೊಬೈಲಿನ ಆ್ಯಪ್ ಇಲ್ಲಿ ಉಪಯೋಗಕ್ಕೆ ಬರಬಹುದೆಂದು ನನಗೆ ಅನಿಸಿದ್ದು ಆಗಲೇ. ಮಗುವಿನ ಬಾಯಿ ನಡುವೆ ಬಾರದಂತೆ, ಅವಳ ಭಾಷೆಯಲ್ಲೇ, ಅವಳ ಕಿವಿಗಷ್ಟೇ ಕೇಳುವ ಒಂದು ದನಿ ಬೇಕು. ಓದು ಬಾರದವಳಿಗೆ ಅಕ್ಷರ ಬೇಡ. 'ವಿಶ್ರಾಂತಿ ತೆಗೆದುಕೊಳ್ಳಿ, ಬೆಳಿಗ್ಗೆ ವಾಯುವಿಹಾರ ಮಾಡಿ, ನಿಮಗಿಷ್ಟವಾದ ಹವ್ಯಾಸದಲ್ಲಿ ತೊಡಗಿ' ಎಂಬ ಉಪದೇಶವಂತೂ ಬೇಡವೇ ಬೇಡ. ನಸುಕಿನಲ್ಲಿ ಎದ್ದು ತಲೆಯ ಮೇಲೆ ಕಬ್ಬಿನ ಹೊರೆ ಹೊತ್ತು ಲಾರಿ ಏರುವವಳಿಗೆ ಎಂಥ ವಾಯುವಿಹಾರ! ಮೊದಲು ಅವಳ ದಿನ ಹೇಗಿದೆ ಎಂದು ತಿಳಿದು ಆಮೇಲೆ ಬಾಯಿ ತೆರೆಯುವ ಆ್ಯಪ್ ಆಗಬೇಕು.

ಮೊಬೈಲು ಯಾರ ಕೈಯಲ್ಲಿದೆ ಎಂಬುದೂ ಇದೆ. ತಾವೇ ಬಳಸುವ ಸ್ವಂತ ಫೋನು ಇರುವ ಹೆಂಗಸರು ದೇಶದಲ್ಲಿ 100ಕ್ಕೆ 54 ಮಾತ್ರ ಎಂದು 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಹೇಳಿತು. ಆ ಗುಡಾರದ ಫೋನು ಗಂಡನದು. ಅದರಲ್ಲಿ ಮುಕಾದಮ ಕೂಗುತ್ತಾನೆ, ಮಕ್ಕಳು ವಿಡಿಯೋ ನೋಡುತ್ತವೆ, ಬ್ಯಾಟರಿ ತುಂಬಿಸಲು ಪಂಪ್‌ಸೆಟ್ಟಿನ ಮನೆಗೆ ಹೋಗಬೇಕು. ಅಂಗನವಾಡಿ ಟೀಚರ ಕೈಯಲ್ಲಿ 2021ರಿಂದ ಪೋಷಣ್ ಟ್ರ್ಯಾಕರ್ ಇದೆ. ಊರು ಬಿಟ್ಟು ಬಂದವಳ ಹೆಸರನ್ನು ಅದರಲ್ಲಿ ವರ್ಗಾಯಿಸಿಕೊಳ್ಳಲೂ ಬರುತ್ತದೆ, ಆಹಾರದ ಲೆಕ್ಕವೂ ಇದೆ. ಎದೆಯ ಭಾರ ಬರೆದುಕೊಳ್ಳಲು ಅದರಲ್ಲಿ ಮನೆ ಕಾಣೆ.

ಮನಸ್ಸಿನ ಶಾಸ್ತ್ರ ಎಂದರೆ ನನಗೆ ಬಿ.ಎಡ್.ನಲ್ಲಿ ಓದಿದ ಒಂದು ಪೇಪರು ಅಷ್ಟೇ. ಆದರೂ 2022ರ ಅಕ್ಟೋಬರಿನಲ್ಲಿ ಶುರುವಾದ ಟೆಲಿ-ಮಾನಸ್ ಗೊತ್ತಿತ್ತು. 14416 ಒತ್ತಿದರೆ ಹಗಲಿರುಳೂ ಯಾರಾದರೂ ಮಾತಾಡುತ್ತಾರೆ, ದುಡ್ಡಿಲ್ಲ, ಕನ್ನಡವೂ ಇದೆ, ಮರಾಠಿಯೂ ಇದೆ. ತಾಯಿಯನ್ನೂ ಕೂಸನ್ನೂ ಒಟ್ಟಿಗೇ ಇಟ್ಟುಕೊಂಡು ಮನಸ್ಸಿಗೆ ಚಿಕಿತ್ಸೆ ಕೊಡುವ ವಿಭಾಗ ಬೆಂಗಳೂರಿನ ನಿಮ್ಹಾನ್ಸಿನಲ್ಲಿ 2009ರಲ್ಲೇ ತೆರೆಯಿತು. ಆದರೆ ಗುಡಾರದಿಂದ ಬೆಂಗಳೂರು ಎಷ್ಟು ದೂರ! ನನ್ನ ಫೋನಿನಿಂದಲೇ ಒಮ್ಮೆ ಮಾತಾಡಿಸಿ, ಆ ಅಂಕಿಗಳನ್ನು ಅವಳ ತಾಯಿ-ಮಗುವಿನ ಕಾರ್ಡಿನ ಹಿಂಬದಿಗೆ ದೊಡ್ಡದಾಗಿ ಬರೆದುಕೊಟ್ಟೆ. ನನ್ನ ನಂಬರನ್ನೂ ಕೆಳಗೆ ಬರೆದೆ.

ನಾವು ಅವರಿಗೆ ಉಪಕಾರ ಮಾಡುತ್ತಿದ್ದೇವೆ ಎಂದುಕೊಳ್ಳಲೂ ಆಗದು. ನಮ್ಮ ಬೀಳಗಿ ಕಡೆಯ ಹೆಣ್ಣುಮಕ್ಕಳು ಗೋವಾಕ್ಕೆ ಗೌಂಡಿ ಕೆಲಸಕ್ಕೆ ಹೋಗುತ್ತಾರೆ. ಅವರಲ್ಲಿ ಕೆಲವರ ತೌರುಮನೆಗಳು ಆಲಮಟ್ಟಿಯ ಹಿನ್ನೀರಿನಲ್ಲಿ ಮುಳುಗಿವೆ. ಚೊಚ್ಚಲ ಹೆರಿಗೆಗೆ ಹೋಗೋಣವೆಂದರೆ ಊರೇ ಇಲ್ಲ. ಅಲ್ಲಿಯ ನರ್ಸಿಗೆ ಕೊಂಕಣಿ ಬರುತ್ತದೆ, ಇವರಿಗೆ ಕೃಷ್ಣಾ ದಂಡೆಯ ಕನ್ನಡವೊಂದೇ. ಅಲ್ಲಿಯೂ ಯಾವುದೋ ಕೂಸು ಇಬ್ಬರ ನಡುವೆ ನಿಂತು "ಅವ್ವ ಆರಾಮ ಅದಾಳ" ಅನ್ನುತ್ತಿರಬೇಕು.

ಫೆಬ್ರುವರಿಯಲ್ಲಿ ಗ್ಯಾಂಗು ಬೇರೆ ಕಾರ್ಖಾನೆಯ ಸೀಮೆಗೆ ಹೋಯಿತು. ಹುಡುಗಿ ಸ್ಲೇಟು ಒಯ್ದಳು, ಪುಸ್ತಕ ಇಲ್ಲಿಯೇ ಬಿಟ್ಟಳು. ಏಪ್ರಿಲಿನಲ್ಲಿ ಒಂದು ರಾತ್ರಿ ಗೊತ್ತಿಲ್ಲದ ನಂಬರಿನಿಂದ ಫೋನು ಬಂತು. ತಾಯಿಯೇ ಮಾತಾಡಿದಳು. ಗಂಡುಕೂಸು, ಬೀಡದ ಆಸ್ಪತ್ರೆಯಲ್ಲಿ ಆಯಿತಂತೆ. ಆ ಅಂಕಿಗೆ ಎರಡು ಸಲ ಫೋನು ಮಾಡಿದೆ, ಅತ್ತಲಿಂದ ಒಬ್ಬ ಹೆಂಗಸು ನಮ್ಮ ಮಾತಿನಲ್ಲೇ ಮಾತಾಡಿದಳು, ಎಂದಳು. ನಿದ್ದೆ ಬರುತ್ತದೆಯೇ ಎಂದು ಕೇಳುತ್ತಿದ್ದೆ. ಹಿಂದಿನಿಂದ ಗಂಡಸಿನ ದನಿ ಯಾರೆಂದು ಕೇಳಿತು. "ಬಾಯಿ, ಶಾಲೆಯ ಬಾಯಿ" ಎಂದು ಅವನಿಗೆ ಹೇಳಿ, ಮಗಳ ದಾಖಲಾತಿಯ ಕಾಗದ ಬೇಕಾಗಿತ್ತೆಂದು ನನಗೆ ಗಟ್ಟಿಯಾಗಿ ಹೇಳಿ ಫೋನು ಇಟ್ಟಳು.