ಹುಣಸೆಮರದ ಸೈಟು ಮತ್ತು 15 ದಿನ (ಭಾಗ 4)

ಎದುರಿನ ಖಾಲಿ ಜಾಗ ವಸತಿಯಿಂದ ವಾಣಿಜ್ಯಕ್ಕೆ ಬದಲಾಗೋ ಪ್ರಸ್ತಾವ ಪೇಪರಲ್ಲಿ ಬಂದಿತ್ತು. ನಮ್ಮ ಬೀದಿಯಲ್ಲಿ ಯಾರೂ ನೋಡಿರಲಿಲ್ಲ. ಸಣ್ಣಕ್ಷರದ ಪ್ರಕಟಣೆ ಓದೋ ಚಟ ಇರೋದು ನನ್ನಂಥ ಬಿಕಾಂ ಹುಚ್ಚಿಗೆ ಮಾತ್ರ. ಓದಿದ್ರೂ ಏನು, ಅದರಲ್ಲಿದ್ದಿದ್ದು ಸರ್ವೆ ನಂಬರ್. ನಾವೆಲ್ಲ ಆ ಜಾಗಕ್ಕೆ ‘ಹುಣಸೆಮರದ ಸೈಟು’ ಅಂತೀವಿ!

ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆ, 1961ರ ಕಲಂ 14-ಎ ಪ್ರಕಾರ, ಭೂ ಉಪಯೋಗ ಬದಲಾಯಿಸೋ ಮುಂಚೆ ದಿನಪತ್ರಿಕೆಯಲ್ಲಿ ಪ್ರಕಟಿಸಿ, ಆಕ್ಷೇಪಣೆಗೆ ಕನಿಷ್ಠ 15 ದಿನ ಕೊಡಬೇಕು. ಮನೆಗೆ ಬಂದು ಯಾರೂ ಹೇಳಲ್ಲ.

ದಿಶಾಂಕ್ ಆ್ಯಪ್ ಹಾಕ್ಕೊಂಡು ಅಲ್ಲೇ ಹೋಗಿ ನಿಂತೆ. ಅದೇ ನಂಬರ್ ಬಂತು. ಹಾಲಿನ ಬೂತಿಗೆ ಚೀಟಿ ಅಂಟಿಸಿದೆ: ‘ಹುಣಸೆಮರದ ಸೈಟು. ಮನೆ ಜಾಗವನ್ನ ಅಂಗಡಿ, ಆಫೀಸಿಗೆ ಬದಲಾಯಿಸೋಕೆ ಕೇಳಿದ್ದಾರೆ. ಆಕ್ಷೇಪಣೆಗೆ ಶುಕ್ರವಾರ ಕೊನೆ.’

ಟೈಲರ್ ಅಂಕಲ್ ಓದಿ ನಕ್ಕರು. “ಆಗ್ಲಿ ಬಿಡಮ್ಮ, ನಮ್ ಸೈಟಿನ ರೇಟೂ ಏರುತ್ತೆ.” ಅವರ ಲೆಕ್ಕ ಅವರದ್ದು, ತಪ್ಪೇನಿಲ್ಲ. ಚೀಟಿ ಅವರಿಗೂ ಸೇರಿದ್ದೇ. ಆದ್ರೆ ಸೈಟಿನ ಪಕ್ಕದ ಮನೆ ಅಜ್ಜಿಗೆ ಓದೋಕೆ ಬರಲ್ಲ, ಅವರಿಗೆ ಕೂತು ಹೇಳಿದೆ. ಅವರು ಕೇಳಿದ್ದು ಎರಡೇ: “ರಾತ್ರಿ ಜನರೇಟರ್ ಹಾಕ್ತಾರಾ? ಗಾಡಿಗಳನ್ನೆಲ್ಲ ನಮ್ ಬಾಗ್ಲಲ್ಲಿ ನಿಲ್ಲಿಸ್ತಾರಾ?” ಅವೆರಡನ್ನೇ ಅರ್ಜಿಯಲ್ಲಿ ಬರೆದೆ. ಅಜ್ಜಿ ಹೆಬ್ಬೆಟ್ಟು ಒತ್ತಿದ್ರು.

ಗುರುವಾರ ಪ್ರಾಧಿಕಾರದ ಕಚೇರಿಗೆ ಕೊಟ್ಟು, ನಕಲಿಗೆ ಸೀಲ್ ಹಾಕಿಸ್ಕೊಂಡು ಬಂದೆ. ಉತ್ತರ ಇನ್ನೂ ಬಂದಿಲ್ಲ, ಬಂದ್ಮೇಲೆ ಭಾಗ 5.