ಶೂನ್ಯ ರೂಪಾಯಿಯ ಯೂರೇಲ್ ಪಾಸ್

ಮೊದಲೇ ಹೇಳಿಬಿಡ್ತೀನಿ, ಕನ್ನಡದಲ್ಲಿ ತಪ್ಪಿದ್ರೆ ಹೊಟ್ಟೆಗೆ ಹಾಕ್ಕೊಳ್ಳಿ. ಎಲ್‌ಕೆಜಿಯಿಂದ ಪಿಯುಸಿ ತನಕ ನಂದು ಇಂಗ್ಲಿಷ್ ಮೀಡಿಯಂ. ಮನೇಲಿ ಕನ್ನಡಾನೇ ಮಾತಾಡೋದು, ಆದ್ರೆ ಎರಡು ಪುಟ ಕನ್ನಡ ಬರೀತಿರೋದು ಇದೇ ಮೊದಲು. ಕ್ಲಬ್‌ನವರು "ಪ್ರವಾಸದ ಬಗ್ಗೆ ಏನಾದ್ರೂ ಬರಿ" ಅಂದ್ರು. ನಾನು ಬರೀಬೇಕು ಅಂತಿದ್ದದ್ದು ಯೂರೋಪ್ ಬಗ್ಗೆ. ಬರೀತಿರೋದು ಖಾನಾಪುರದ ಬಗ್ಗೆ.

ಮೂರನೇ ಸೆಮ್‌ನಲ್ಲಿ ನಾವು ನಾಲ್ಕು ಜನ ಸೇರಿ ಒಂದು ಶೀಟ್ ಮಾಡಿದ್ವಿ. ಹೆಸರು "ಯೂರೋಪ್, ಚೀಪ್". ಆ ಶೀಟ್‌ಗೆ ನಾವು ಕೊಟ್ಟಷ್ಟು ಶ್ರದ್ಧೆ ಮ್ಯಾಥ್ಸ್‌ಗೆ ಕೊಟ್ಟಿದ್ರೆ ಇವತ್ತು ನನ್ನ ಸಿಜಿಪಿಎ ಬೇರೆ ಇರ್ತಿತ್ತು. ಒಂದು ಯೂರೋಗೆ ನೂರು ರೂಪಾಯಿ ಅಂತ ಹಿಡಿದ್ವಿ. ವಿಮಾನ 55,000. ಹನ್ನೆರಡು ದಿನ, ದಿನಕ್ಕೆ 50 ಯೂರೋ, ಅಂದ್ರೆ 60,000. ರೈಲು ಬಸ್ಸಿಗೆ 25,000. ಷೆಂಗೆನ್ ವೀಸಾಗೆ 90 ಯೂರೋ, ಅಂದ್ರೆ 9,000. ಇನ್ಶೂರೆನ್ಸ್, ಸರ್ವೀಸ್ ಚಾರ್ಜ್ ಸೇರಿ 4,000. ಒಟ್ಟು 1,53,000. ಇದು ಹಾಸ್ಟೆಲ್ ಡಾರ್ಮಿಟರಿಯಲ್ಲಿ ಮಲಗಿ, ಸೂಪರ್‌ಮಾರ್ಕೆಟ್ ಬ್ರೆಡ್ ತಿಂದು, ರಾತ್ರಿ ಬಸ್ಸಿನಲ್ಲೇ ನಿದ್ದೆ ಮಾಡಿ ರೂಮ್ ಬಾಡಿಗೆ ಉಳಿಸಿದ ಮೇಲಿನ ಲೆಕ್ಕ!

ಟ್ಯೂಷನ್ ಹೇಳಿ ನಾನು ಕೂಡಿಸಿದ್ದು 14,200.

ಇದನ್ನೆಲ್ಲ ಹುಡುಕುವಾಗ ಹೊಟ್ಟೆ ಉರಿಯೋ ವಿಷಯಗಳೂ ಸಿಕ್ಕವು. ಯೂರೋಪಿನ ಹುಡುಗರಿಗೆ ಅಂತ 1972ರಲ್ಲೇ ಇಂಟರ್‌ರೇಲ್ ಪಾಸ್ ಶುರುವಾಗಿತ್ತು. ಒಂದು ಪಾಸ್, ಎಷ್ಟೋ ದೇಶ. ಹೊರಗಿನವರಿಗೆ ಇರೋದು ಯೂರೇಲ್, ಅದು ಇನ್ನೂ ಹಳೇದು, 1959ರದ್ದು. ಈಗ ಡಿಸ್ಕವರ್ ಇಯು ಅಂತ ಒಂದಿದೆ. 18 ವರ್ಷದವರು ಅರ್ಜಿ ಹಾಕಿ ಆಯ್ಕೆಯಾದ್ರೆ ರೈಲು ಪಾಸ್ ಫ್ರೀ. ಹೋಗು, ನಿನ್ನ ಖಂಡ ನೋಡ್ಕೊಂಡು ಬಾ ಅಂತ ಸರ್ಕಾರವೇ ಕಳಿಸೋದು. ನಂಗೆ 19, ಮೇಲಾಗಿ ಊರು ಬೆಳಗಾವಿ. ಎರಡೂ ಕಡೆ ಔಟ್.

ನಮ್ಮ ಮನೆ ವಡಗಾವಿಯಲ್ಲಿ. ಅಲ್ಲಿ ಓಡಾಡಿದವರಿಗೆ ಗೊತ್ತು, ಓಣಿ ತುಂಬಾ ಪವರ್‌ಲೂಮ್ ಸದ್ದು. ಅಪ್ಪ ಸೀರೆ ನೇಯ್ತಾರೆ. ಮಗ್ಗ ಎರಡು, ಸ್ವಂತದ್ದು ಒಂದೇ. ಆ ಖಟಖಟ ನಮಗೆ ಕೇಳೋದೇ ಇಲ್ಲ. ಕರೆಂಟ್ ಹೋಗಿ ನಿಂತಾಗ ಮಾತ್ರ "ಏನೋ ಆಯ್ತು" ಅನಿಸುತ್ತೆ.

ವೀಸಾ ಬೇಕಂದ್ರೆ ಬ್ಯಾಂಕ್ ಸ್ಟೇಟ್‌ಮೆಂಟ್ ತೋರಿಸ್ಬೇಕು. ಹುಡುಗಿ ಹೋಗಿ ಬರೋವಷ್ಟು ದುಡ್ಡು ಇದೆ ಅಂತ ಅವರಿಗೆ ನಂಬಿಕೆ ಬರಬೇಕು. ಒಂದಿನ ಊಟಕ್ಕೆ ಕೂತಾಗ ಇದನ್ನ ಅಪ್ಪನಿಗೆ ಸುಮ್ಮನೆ ಹೇಳಿದೆ. ಖರೇ ಹೇಳ್ಬೇಕಂದ್ರೆ ಸುಮ್ಮನೆ ಅಲ್ಲ. ಅವರು ಏನಾದ್ರೂ ಮಾಡಲಿ ಅಂತಾನೇ ಹೇಳಿದೆ. ಅಪ್ಪ "ನೋಡೂಣು" ಅಂದ್ರು, ಅಷ್ಟೇ.

ಹತ್ತು ದಿನ ಬಿಟ್ಟು ನೀರು ಕುಡಿಯೋಕೆ ಎದ್ದಾಗ ಒಳಗಿನ ಮಾತು ಕೇಳಿಸ್ತು. ಅಪ್ಪ ಯಾರ ಹತ್ರಾನೋ ಎರಡು ಲಕ್ಷ ಕೇಳಿದ್ರು. ಖರ್ಚು ಮಾಡೋಕಲ್ಲ, ಅಕೌಂಟಿನಲ್ಲಿ ಮೂರು ತಿಂಗಳು ಇಟ್ಟು ತೋರಿಸೋಕೆ. ಆ ಮೂರು ತಿಂಗಳಿಗೆ ಬಡ್ಡಿ, ಆಮೇಲೆ ನನ್ನ ಖರ್ಚಿಗೆ ಬೇರೆ ಸಾಲ. ಅವ್ವ ಹೇಳ್ತಿದ್ದದ್ದು ಇಷ್ಟು: "ಸ್ವಂತ ಮಗ್ಗಾ ಕೊಟ್ರ ಮುಂದ ಹೆಂಗ?"

ಅಂದ್ರೆ ಮಗ್ಗ ಮಾರೋ ಮಾತೂ ಬಂದಿತ್ತು.

ನೀರು ಕುಡಿಯದೇ ವಾಪಸ್ ಬಂದು ಮಲಗಿದೆ. ಶೀಟ್‌ನಲ್ಲಿ ದಿನಕ್ಕೆ 50 ಯೂರೋ ಅಂತ ಹಾಕಿದ್ವಲ್ಲ, ಅದನ್ನ 40 ಮಾಡಿ ಒಂದಿನ ನಾವು ಎಷ್ಟು ಹೆಮ್ಮೆ ಪಟ್ಟಿದ್ವಿ. ಮಗ್ಗಕ್ಕೆ ಅದರಲ್ಲಿ ಕಾಲಂ ಇರಲಿಲ್ಲ.

ಬೆಳಗ್ಗೆ ಎದ್ದು ಅಪ್ಪನಿಗೆ "ಟ್ರಿಪ್ ಕ್ಯಾನ್ಸಲ್ ಆತು, ಫ್ರೆಂಡ್ಸ್ ಯಾರೂ ಬರಾಂಗಿಲ್ಲಂತ" ಅಂದೆ. ಸುಳ್ಳು. ಅವರಿಗೂ ಗೊತ್ತಾಯ್ತು ಅನಿಸುತ್ತೆ, ಏನೂ ಕೇಳಲಿಲ್ಲ. ಉಳಿದ ಮೂವರಲ್ಲಿ ಇಬ್ಬರು ಹೋಗ್ತಾರೆ, ಟಿಕೆಟ್ ಆಗಿದೆ. ಹೊಟ್ಟೆಕಿಚ್ಚು ಇಲ್ಲ ಅಂದ್ರೆ ಅದು ಇನ್ನೊಂದು ಸುಳ್ಳು.

ಆ ವಾರ ನನ್ನ ಮುಖ ನೋಡಲಾರದೆ ಅವ್ವ ಅಂದ್ಲು, "ಐತ್ವಾರ ಖಾಲಿ ಅದಿ? ಬಾ, ಹಲಸಿಗೆ ಹೋಗಿ ಬರೂಣು. ನಮಗ ರೊಕ್ಕಾ ಹತ್ತಾಂಗಿಲ್ಲ."

ನಿಜ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ನಮ್ಮ ರಾಜ್ಯದ ಹೆಣ್ಣುಮಕ್ಕಳಿಗೆ ಸರ್ಕಾರಿ ಸಾದಾ ಬಸ್, ಎಕ್ಸ್‌ಪ್ರೆಸ್ ಬಸ್ ಫ್ರೀ. ನಾನು ಅದನ್ನ ಕಾಲೇಜಿಗೆ ಹೋಗಿ ಬರೋಕೆ ಮಾತ್ರ ಬಳಸ್ತಿದ್ದೆ. ಒಂದು ಪಾಸಿನಲ್ಲಿ ಹತ್ತಾರು ದೇಶ ಅಂತ ಯೂರೇಲ್ ಸೈಟ್ ನೋಡಿ ಬಾಯಿ ಬಿಡ್ತಿದ್ದವಳ ಬ್ಯಾಗಿನಲ್ಲೇ ಮೂವತ್ತೊಂದು ಜಿಲ್ಲೆಯ ಪಾಸ್ ಇತ್ತು. ಆಧಾರ್ ಕಾರ್ಡ್!

ಸೆಂಟ್ರಲ್ ಬಸ್ ಸ್ಟ್ಯಾಂಡಿನಲ್ಲಿ ಖಾನಾಪುರದ ಬಸ್ ಹತ್ತಿದ್ವಿ. ಕಂಡಕ್ಟರ್ ಎರಡು ಶೂನ್ಯ ಟಿಕೆಟ್ ಹರಿದು ಕೊಟ್ಟ. ಅವ್ವ ಅದನ್ನ ನೋಟಿನ ಹಾಗೆ ಮಡಚಿ ಪರ್ಸಿಗೆ ಹಾಕಿದಳು.

ಖಾನಾಪುರ ಬೆಳಗಾವಿಯಿಂದ ಇಪ್ಪತ್ತೈದು ಕಿಲೋಮೀಟರ್ ಚಿಲ್ಲರೆ. ಗೋವಾಕ್ಕೆ ಹೋಗುವಾಗ ಎಷ್ಟು ಸಲ ದಾಟಿದ್ದೀವಿ, ಇಳಿದದ್ದು ಒಮ್ಮೆಯೂ ಇಲ್ಲ. ಮಣ್ಣಿಗೆ, ಕುಂಬಾರಿಕೆಗೆ ಹೆಸರಾದ ಊರು. ಪಕ್ಕದಲ್ಲೇ ಮಲಪ್ರಭಾ. ಅದೇ ತಾಲೂಕಿನ ಕಣಕುಂಬಿಯಲ್ಲಿ ಹುಟ್ಟಿ ಇಲ್ಲಿಗೆ ಬರುವಾಗ ಇನ್ನೂ ಹುಡುಗಿ, ಮುಂದೆ ಕೂಡಲಸಂಗಮದಲ್ಲಿ ಕೃಷ್ಣೆ ಸೇರೋ ತನಕ ದೊಡ್ಡ ದಾರಿ ಇದೆ. ಇಡ್ಲಿ ತಿಂದ ಹೋಟೆಲಿನಲ್ಲಿ ಒಂದು ಟೇಬಲ್ ಮರಾಠಿ, ಒಂದು ಟೇಬಲ್ ಕನ್ನಡ, ಮತ್ತೊಂದರಲ್ಲಿ ಕೊಂಕಣಿ. ಸಪ್ಲೈಯರ್ ಮೂರರಲ್ಲೂ ಬಿಲ್ ಹೇಳ್ತಿದ್ದ.

ಷೆಂಗೆನ್ ಅನ್ನೋದು ಲಕ್ಸೆಂಬರ್ಗಿನ ಒಂದು ಸಣ್ಣ ಹಳ್ಳಿಯ ಹೆಸರು ಅಂತ ಶೀಟ್ ಮಾಡುವಾಗ ಓದಿದ್ದೆ. ಜರ್ಮನಿ, ಫ್ರಾನ್ಸ್, ಲಕ್ಸೆಂಬರ್ಗ್ ಸೇರೋ ಜಾಗ. 1985ರಲ್ಲಿ ಅಲ್ಲೇ ನದಿಯ ಮೇಲೆ, ಹಡಗಿನಲ್ಲಿ ಕೂತು ಒಪ್ಪಂದಕ್ಕೆ ಸಹಿ ಹಾಕಿದ್ರು. ನಮ್ಮಲ್ಲೂ ಚೋರ್ಲಾ ಘಾಟಿನ ಹತ್ರ ಕರ್ನಾಟಕ, ಗೋವಾ, ಮಹಾರಾಷ್ಟ್ರ ಮೂರೂ ಕೂಡ್ತವೆ. ಗಡಿಯ ಜಗಳದ ಸುದ್ದಿ ಕೇಳ್ತಾ ಬೆಳೆದವಳು ನಾನು. ಆ ಹೋಟೆಲಿನಲ್ಲಿ ಮಾತ್ರ ಜಗಳ ಇದ್ದದ್ದು ಸಾಂಬಾರ್ ಎರಡನೇ ಸಲ ಹಾಕಲಿಲ್ಲ ಅಂತ.

ಅಲ್ಲಿಂದ ನಂದಗಡ. 1831ರ ಜನವರಿ 26ರಂದು ಸಂಗೊಳ್ಳಿ ರಾಯಣ್ಣನನ್ನ ಬ್ರಿಟಿಷರು ಗಲ್ಲಿಗೆ ಹಾಕಿದ ಊರು. ಸಮಾಧಿಯ ಹತ್ರ ದೊಡ್ಡ ಆಲದ ಮರ. ಮಕ್ಕಳಾಗಲಿ ಅಂತ ಹರಕೆ ಹೊತ್ತವರು ಕಟ್ಟಿದ ಸಣ್ಣ ಮರದ ತೊಟ್ಟಿಲುಗಳು. ಒಬ್ಬನನ್ನ ಕೊಂದ ಜಾಗದಲ್ಲಿ ಜನ ತೊಟ್ಟಿಲು ಕಟ್ಟಿ ಹೋಗ್ತಾರೆ. ಫೋನ್ ತೆಗೆದವಳು ಫೋಟೋ ಹೊಡೆಯದೇ ಒಳಗಿಟ್ಟೆ. ಯಾಕೆ ಅಂತ ಕೇಳಿದ್ರೆ ಹೇಳೋಕೆ ಬರಲ್ಲ.

ಹಲಸಿ ತಲುಪಿದಾಗ ಮಧ್ಯಾಹ್ನ. ಈಗ ನೋಡಿದ್ರೆ ಸಣ್ಣ ಊರು. ಹಿಂದೆ ಇದು ಪಲಾಶಿಕಾ, ಕದಂಬರಿಗೆ ಬನವಾಸಿ ಬಿಟ್ರೆ ಎರಡನೇ ರಾಜಧಾನಿ. ಭೂವರಾಹ ನರಸಿಂಹ ದೇವಸ್ಥಾನ ಆಮೇಲಿನದು, ಹನ್ನೆರಡನೇ ಶತಮಾನದ ಗೋವಾ ಕದಂಬರ ಕಾಲದ್ದು. ಅದರ ವಿಶೇಷ ಅಂದ್ರೆ ಗರ್ಭಗುಡಿ ಎರಡು, ಒಂದಕ್ಕೊಂದು ಎದುರುಬದುರು. ಒಂದು ಕಡೆ ನರಸಿಂಹ, ಇನ್ನೊಂದು ಕಡೆ ಭೂದೇವಿಯನ್ನ ಎತ್ತಿ ಹಿಡಿದ ವರಾಹ. ನಡುವೆ ನಿಂತ್ರೆ ಯಾರಿಗಾದ್ರೂ ಒಬ್ಬರಿಗೆ ಬೆನ್ನು ತೋರಿಸಲೇಬೇಕು. ಅವ್ವ ಪಕ್ಕಕ್ಕೆ ಸರಿದು ಅಡ್ಡ ನಿಂತು ಇಬ್ಬರಿಗೂ ಕೈ ಮುಗಿದಳು. ಈ ಸಲ್ಯೂಷನ್ ನಂಗೆ ಹೊಳೆದಿರಲಿಲ್ಲ.

ಹೊರಗೆ ಬೋರ್ಡ್ ಇತ್ತು. "ಓದು" ಅಂದ್ಲು. ನಾನು ಒತ್ತಕ್ಷರ ಬಂದಲ್ಲೆಲ್ಲ ನಿಂತು ನಿಂತು ಓದ್ತಿದ್ದೆ. ಎರಡು ಸಾಲಿಗೆ ಅವಳಿಗೆ ತಾಳ್ಮೆ ಹೋಯ್ತು. ಏಳನೇತ್ತೆ ಕಲಿತ ಅವ್ವ ಪೂರ್ತಿ ಬೋರ್ಡನ್ನ ಒಂದೇ ಉಸಿರಿಗೆ ಓದಿದಳು. ಆಮೇಲೆ ಕಟ್ಟೆ ಮೇಲೆ ಕೂತು, ಬಾಳೆಹಣ್ಣು ಸುಲೀತಾ ಹೇಳಿದಳು:

"ಏಳನೇತ್ತೆದಾಗ ಸಾಲ್ಯಾಗಿಂದ ಹಲಸಿಗೆ ಟ್ರಿಪ್ ಇತ್ತು. ಇಪ್ಪತ್ತ ರೂಪಾಯಿ. ನಮ್ಮಪ್ಪ 'ನೋಡೂಣು' ಅಂದ. ಬಸ್ ಹೋದ ಮ್ಯಾಲ ಸಂಜೀತನಕ ಸಾಲಿ ಗೇಟಿನ ಹಂತ್ಯಾಕ ಕುಂತಿದ್ನಿ. ಮರುದಿನ ಎಲ್ಲಾರೂ ಅದನ್ನ ಮಾತಾಡತಿದ್ರು."

ಅಷ್ಟೇ ಹೇಳಿ ಬಾಳೆಹಣ್ಣು ನನ್ನ ಕೈಗೆ ಕೊಟ್ಟಳು. ಆ ರಾತ್ರಿ ಒಳಗೆ ನಡೆದ ಮಾತು ನಂಗೆ ಆಗ ಪೂರ್ತಿ ಅರ್ಥ ಆಯ್ತು. ಅವ್ವ ಬೇಡ ಅಂತಾನೂ ಅಂದಿರಲಿಲ್ಲ, ಹೆಂಗ ಅಂತ ಮಾತ್ರ ಕೇಳಿದ್ಲು.

ವಾಪಸ್ ಬಸ್ಸಿಗೆ ಒಂದೂವರೆ ತಾಸು ಕಾದ್ವಿ. ಪಕ್ಕ ಕೂತ ಅಜ್ಜಿಯ ಹತ್ರ ಅವ್ವ ಮರಾಠಿಯಲ್ಲಿ ಗೋಡಂಬಿ ಬೆಳೆ, ಸೊಸೆ, ಮೊಣಕಾಲು ನೋವು ಎಲ್ಲ ಮಾತಾಡಿ ಮುಗಿಸಿದಳು. ನಾನು ಸುಮ್ಮನೆ ಕೂತು ಕೇಳಿದೆ. ಪರದೇಶಕ್ಕೆ ಹೋದ್ರೆ ಅಪರಿಚಿತರ ಹತ್ರ ಮಾತಾಡಿ ಅಂತ ಎಲ್ಲ ವಿಡಿಯೋದಲ್ಲೂ ಹೇಳ್ತಾರೆ. ಅವ್ವನಿಗೆ ಅದನ್ನ ಯಾರೂ ಹೇಳಿಕೊಟ್ಟಿಲ್ಲ.

ಬಂದ ಮೇಲೆ ಹಲಸಿಯ ಬಗ್ಗೆ ಇನ್ನಷ್ಟು ಓದಿದೆ, ಕನ್ನಡದಲ್ಲೇ, ನಿಧಾನಕ್ಕೆ. ಅಲ್ಲಿ ಸಿಕ್ಕ ತಾಮ್ರಪಟಗಳಲ್ಲಿ ಒಂದು ಕದಂಬ ರಾಜ ಮೃಗೇಶವರ್ಮನದ್ದು. ತೀರಿಹೋದ ತಂದೆಯ ಮೇಲಿನ ಭಕ್ತಿಯಿಂದ ಪಲಾಶಿಕೆಯಲ್ಲಿ ಜಿನಾಲಯ ಕಟ್ಟಿಸಿದ ಅಂತ ಅದರಲ್ಲಿದೆ. ರಾಜರಿಗೆ ಇದು ಸುಲಭ. ನಾನು ಸದ್ಯಕ್ಕೆ ಮಾಡಬಹುದಾದದ್ದು ಅಪ್ಪ ಸಾಲ ತರದ ಹಾಗೆ ನೋಡ್ಕೊಳ್ಳೋದು.

ಆ ದಿನದ ಲೆಕ್ಕ: ಬಸ್ 0. ಇಡ್ಲಿ, ಚಹಾ 80. ಕಾಯಿ, ಕರ್ಪೂರ 50. ಬಾಳೆಹಣ್ಣು 30. ಸಂಜೆ ಎರಡು ಸಲ ಚಹಾ 40. ಅಪ್ಪನಿಗೆ ಕುಂದಾ 100. ಒಟ್ಟು 300.

ಇದು ಯೂರೋಪಿಗೆ ಸಮ ಅಂತ ನಾನು ಹೇಳಲ್ಲ. ಹಲಸಿ ನೋಡಿದ್ರೆ ಪ್ಯಾರಿಸ್ ಬೇಡ ಅನ್ನೋರ ಮಾತು ನಂಬಬೇಡಿ. ನಂಗೆ ಪ್ಯಾರಿಸ್ ಈಗಲೂ ಬೇಕು. ಶೀಟ್ ಡಿಲೀಟ್ ಮಾಡಿಲ್ಲ. "ಅಪ್ಪ" ಅಂತಿದ್ದ ಕಾಲಂ ತೆಗೆದು "ಪಗಾರ" ಅಂತ ಮಾಡಿದ್ದೀನಿ, ಅಷ್ಟೇ. ಅದರ ಕೆಳಗೆ ಈಗ 13,900 ಇದೆ.

ರಾತ್ರಿ ಕುಂದಾ ತಿಂತಾ ಅಪ್ಪ ಕೇಳಿದ್ರು, "ಹಲಸಿ ಚಲೋ ಐತಿ?"

"ಭಾಳ ಚಲೋ ಐತಿ. ಮುಂದಿನ ಸಲ ನೀವೂ ಬರ್ರಿ."

ಅವ್ವ ಒಳಗಿಂದ ಕೂಗಿದಳು, "ಬರ್ಲಿ, ಆದ್ರ ಅವರಿಗೆ ಟಿಕೀಟ ಐತಿ!"