ಮೂರು ಸಂಖ್ಯೆಗಳ ದಾರಿ

ಮೈಸೂರಿನಿಂದ ಮಡಿಕೇರಿ ಮೇಲೆ ಮಂಗಳೂರಿಗೆ ಹೋಗುವವರು ದಾರಿಯನ್ನು ಊರುಗಳಲ್ಲಿ ಎಣಿಸುತ್ತಾರೆ: ಹುಣಸೂರು, ಪಿರಿಯಾಪಟ್ಟಣ, ಕುಶಾಲನಗರ, ಸಂಪಾಜೆ, ಸುಳ್ಯ, ಪುತ್ತೂರು. ಕಾರಿನ ರೇಡಿಯೊ ಹಚ್ಚಿಕೊಂಡು ಹೋಗುವ ನನ್ನಂಥವರಿಗೆ ಅದು ಮೂರೇ ಸಂಖ್ಯೆಗಳ ದಾರಿ. 100.6, 103.1, 100.3. ಮೂರೂ ಆಕಾಶವಾಣಿಯವು. ಖಾಸಗಿ ಎಫ್‌ಎಂಗಳ ಮೇಲೆ ನನಗೇನೂ ಸಿಟ್ಟಿಲ್ಲ. ಊರು ದಾಟಿ ಸ್ವಲ್ಪ ದೂರ ಹೋದರೆ ಅವೇ ಕೈಬಿಡುತ್ತವೆ.

ಮೈಸೂರಿನ 100.6ರಲ್ಲಿ ಹಳೆಯ ಚಿತ್ರಗೀತೆ ಕೇಳುತ್ತ ಊರು ಬಿಡುವುದರಲ್ಲಿ ಒಂದು ಗತ್ತಿದೆ. 1935ರಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿ ತಮ್ಮ ಮನೆಯಿಂದಲೇ ಬಾನುಲಿ ಪ್ರಸಾರ ಶುರುಮಾಡಿದ ಊರಲ್ಲವೇ ಇದು! ಬಯಲು ಸೀಮೆಯ ನೇರ ರಸ್ತೆಯಲ್ಲಿ ಗಾಯಕರ ಉಸಿರೂ ಕೇಳುವಷ್ಟು ಸ್ಪಷ್ಟ. ಪಿರಿಯಾಪಟ್ಟಣದ ಆಚೆ ದನಿಯ ಅಂಚಿನಲ್ಲಿ ಸಣ್ಣಗೆ ಗೊರಗೊರ. ಆಗ 103.1ಕ್ಕೆ ಹೊರಳಬೇಕು.

ಮಡಿಕೇರಿಯ ಈ ನಿಲಯ ನನಗೆ ಎಲ್ಲಕ್ಕಿಂತ ಅಚ್ಚುಮೆಚ್ಚು. ಕನ್ನಡದ ಭಾವಗೀತೆ ಮುಗಿದ ಮೇಲೆ ಯಾವುದೋ ಹೊತ್ತಿನಲ್ಲಿ ಕೊಡವ ಭಾಷೆ ಬಂದೀತು, ಇನ್ನೊಮ್ಮೆ ಅರೆಭಾಷೆ. ವಾಲಗದ ಲಯ ಶುರುವಾದರೆ ಸ್ಟೇರಿಂಗ್ ಹಿಡಿದ ಬೆರಳು ಸುಮ್ಮನಿರುವುದಿಲ್ಲ. ಅರ್ಧ ಅರ್ಥವಾಗದ ಹಾಡನ್ನು ಕಾಫಿ ತೋಟಗಳ ನಡುವೆ ಕೇಳುವ ಸುಖವನ್ನು ಮೊಬೈಲಿನ ಯಾವ ಪಟ್ಟಿಯೂ ಕೊಟ್ಟಿಲ್ಲ. ಅಲ್ಲಿ ನಾನು ಕೇಳಿದ್ದೇ ಬರುತ್ತದೆ. ಇಲ್ಲಿ ಆ ಸೀಮೆಗೆ ಬೇಕಾದದ್ದು ಬರುತ್ತದೆ.

ಮಳೆಗಾಲದಲ್ಲಂತೂ ಬೆರಗು ಇಮ್ಮಡಿ. ವೈಪರ್ ಎಷ್ಟು ಬಡಿದುಕೊಂಡರೂ ಎದುರಿನ ಲಾರಿ ಕಾಣದಂಥ ಜಡಿಮಳೆ. ಹಾಡು ಮಾತ್ರ ಒಂದು ಹನಿಯೂ ತಾಗದಂತೆ ಬರುತ್ತಿರುತ್ತದೆ! ಈ ಅಲೆಗಳ ಉದ್ದ ಸುಮಾರು 3 ಮೀಟರ್. ಅದರ ಮುಂದೆ ಮಳೆಹನಿ ಯಾವ ಲೆಕ್ಕ? ಮಿಂಚಿಗೂ ಹಳೆಯ ಮೀಡಿಯಂ ವೇವ್‌ನಂತೆ ಪಟಪಟ ಸಿಡಿಯುವುದಿಲ್ಲ. ಎಫ್‌ಎಂನಲ್ಲಿ ಹಾಡು ಇರುವುದು ಅಲೆಯ ಎತ್ತರದಲ್ಲಲ್ಲ, ಆವರ್ತನದ ಏರಿಳಿತದಲ್ಲಿ. ಸಿಡಿಲು ಕೆಡಿಸುವುದು ಹೆಚ್ಚಾಗಿ ಎತ್ತರವನ್ನೇ.

ಮಳೆಗೆ ಬಗ್ಗದ್ದು ಬೆಟ್ಟಕ್ಕೆ ಬಗ್ಗುತ್ತದೆ. ಮಡಿಕೇರಿ ಇಳಿದು ಸಂಪಾಜೆಯ ತಿರುವುಗಳಿಗೆ ಸಿಕ್ಕಮೇಲೆ ಶುರುವಾಗುತ್ತದೆ ಕಣ್ಣಾಮುಚ್ಚಾಲೆ. ಎಫ್‌ಎಂ ಅಲೆ ಹೆಚ್ಚುಕಡಿಮೆ ನೇರಕ್ಕೆ ನಡೆಯುವಂಥದ್ದು, ಗುಡ್ಡ ಬಳಸಿ ಬರುವುದು ಅದಕ್ಕೆ ಕಷ್ಟ. ಒಂದು ತಿರುವಿನಲ್ಲಿ ಪಲ್ಲವಿ, ಮುಂದಿನದರಲ್ಲಿ ಬರೀ ಸೊರಸೊರ, ಅದರಾಚೆ ಚರಣದ ಕೊನೆಯ ಸಾಲು. ನಡುವಿನದನ್ನು ನಾವೇ ಹಾಡಿಕೊಳ್ಳಬೇಕು. ಹಿಂದಿನ ಸೀಟಿನವರ ಆಕ್ಷೇಪಣೆಗೆ ಕಿವಿಗೊಡಬಾರದು.

ಸುಳ್ಯ ದಾಟಿ 100.3ಕ್ಕೆ ತಿರುಗಿಸಿದರೆ ಮೊದಲು ಏನೂ ಇಲ್ಲ, ಆಮೇಲೆ ಚೂರುಚೂರು, ಪುತ್ತೂರಿನ ಹೊತ್ತಿಗೆ ಮಂಗಳೂರು ತುಂಬು ದನಿಯಲ್ಲಿ. ತುಳುವೋ ಕೊಂಕಣಿಯೋ ಹೊತ್ತಿನ ಮೇಲೆ ಹೋಗುತ್ತದೆ. ರೇಡಿಯೊದಲ್ಲಿ ಮೈಸೂರಿಗೂ ಮಂಗಳೂರಿಗೂ ಇರುವ ಅಂತರ ಬರೀ 0.3. ಇಷ್ಟು ಒತ್ತಿಕೊಂಡ ಎರಡು ನಿಲಯಗಳು ಒಂದರ ಮಾತಿಗೆ ಇನ್ನೊಂದು ಬಾಯಿಹಾಕದಂತೆ ನಡುವೆ ಕಾವಲು ನಿಂತಿರುವುದು ಇಡೀ ಸಹ್ಯಾದ್ರಿ!

ಊರು ಹತ್ತಿರವಾದರೆ 107.8 ಹುಡುಕಿ. ಸಂತ ಅಲೋಶಿಯಸ್ ಸಂಸ್ಥೆಯ ಸಮುದಾಯ ಬಾನುಲಿ, ರೇಡಿಯೊ ಸಾರಂಗ್. ಕನ್ನಡ, ತುಳು, ಕೊಂಕಣಿ, ಬ್ಯಾರಿ ಎಲ್ಲಕ್ಕೂ ಅಲ್ಲಿ ಜಾಗವಿದೆ. ಪಂಪ್‌ವೆಲ್‌ ತಲುಪುವ ತನಕ ಕೇಳಬಹುದು. ಅಲ್ಲಿ ಪಕ್ಕಕ್ಕೆ ಬಂದು ನಿಲ್ಲುವ ಸಿಟಿ ಬಸ್ಸಿನ ಡ್ರೈವರಣ್ಣ ಹಾಕಿರುವ ಹಾಡಿನ ಎದುರು ಯಾವ ಪ್ರಸಾರ ಗೋಪುರದ ಆಟವೂ ನಡೆಯುವುದಿಲ್ಲ.